ಎಂಟು ಬೆರಳು

ಮನೆ ಕಟ್ಟಿ ನೋಡು ಅಂದವರುಂಟು.
ನಮ್ಮಜ್ಜ ಎವರಿಸ್ತೊ ಕಾರ್ಕಮೊ
ಕಟ್ಟಿದ ಮನೆಯನ್ನು ಕಡಲಿಗಿಳಿಸಿ ನೋಡಿದ.

ಚಿಲೊಯೆಯ ಮಗ್ಗುಲಿಗೆ ಒಂದು ಹಿಡಿ ನಡುಗಡ್ಡೆ, ಲಿಂಕಾಯ್.
ಅಲ್ಲಿ ನೆರೆಯ ಅಬುಂದಿಯೊ ಜೊತೆ ಜಗಳ, ಒಂದು ಹಂದಿಯ ಸಲುವಾಗಿ.
"ಮನೆ ಬಿಟ್ಟು ಹೋಗು" ಅಂದನಂತೆ ಅವನು.
"ಬಿಟ್ಟು ಯಾಕೆ, ತಗೊಂಡೇ ಹೋಗ್ತೀನಿ" ಅಂದನಂತೆ ಇವನು.

ಹದಿನಾಲ್ಕು ಜೋಡಿ ಎತ್ತು, ಮೂವತ್ತು ಖಾಲಿ ಡ್ರಮ್ಮು,
ಊರಲ್ಲಿದ್ದ ಹಗ್ಗವೆಲ್ಲ,
ಬಟ್ಟೆ ಒಣಹಾಕುವ ಹಗ್ಗವೂ.
ಹುಣ್ಣಿಮೆಯ ಉಬ್ಬರ ಏರುವ ಹೊತ್ತಿಗೆ
ಮರದ ಮನೆ ಮಂಡಿಯೂರಿ, ಒಂದಿಷ್ಟು ವಾಲಿ,
ಒಮ್ಮೆ ಸೀನಿದಂತೆ ಸದ್ದು ಮಾಡಿ
ತೇಲಿತು.

ಅಜ್ಜಿ ಸುನಿಲ್ದಾ ಇಳಿಯಲಿಲ್ಲ, ಒಲೆ ಆರಿಸಲೂ ಇಲ್ಲ.
ಆಲೂಗಡ್ಡೆ ಇಟ್ಟಾಗಿದೆ,
ಬೇಯುವವರೆಗೆ ಎಲ್ಲಿಗಾದರೂ ಹೋಗಲಿ, ಅಂದಳು.
ಹತ್ತು ತಿಂಗಳ ಕೂಸು ನಮ್ಮಪ್ಪ;
ತೊಟ್ಟಿಲು ತೂಗುವ ಕೆಲಸ ಅವತ್ತು ಕಡಲಿನ ಪಾಲಿಗೆ.
ಚಿಮಣಿಯಲ್ಲಿ ಹೊಗೆ, ಸೂರಿನ ಮೇಲೆ ಕೆಂಪು ಹೇಂಟೆ,
ಹೇಂಟೆಯ ಪಕ್ಕ ಅಕಾರ್ಡಿಯನ್ ಹಿಡಿದ ಅಜ್ಜ.
ಅವನಿಗೆ ಬರುತ್ತಿದ್ದದ್ದು ಒಂದೂವರೆ ಹಾಡು.
ಆ ಅರ್ಧವನ್ನೇ ಎರಡು ತಾಸು ನುಡಿಸಿದ.
ಎದುರು ದಡದವರು ಹಡಗೆಂದುಕೊಂಡು ಕೈಬೀಸಿದರು,
ಹತ್ತಿರ ಬಂದಾಗ ಕಿಟಕಿಯಲ್ಲಿ ಹೂವಿನ ಪರದೆ ಕಂಡು
ಎತ್ತಿದ ಕೈ ಇಳಿಸುವುದನ್ನೇ ಮರೆತರು.

ಅವನ ಎಡಗೈಗೆ ಎರಡು ಬೆರಳಿರಲಿಲ್ಲ.
ಪೆಟಗೋನಿಯಾಕ್ಕೆ ಕುರಿಯ ಉಣ್ಣೆ ಕತ್ತರಿಸಲು ಹೋದಾಗ
ಪೂಮಾ ತಿಂದಿತು; ಇದು ನನಗೆ ಹೇಳಿದ್ದು.
ಇಸ್ಪೀಟಿನಲ್ಲಿ ಸೋತೆ, ಎದುರಾಳಿ ಬಿಷಪ್ಪು;
ಇದು ಅಣ್ಣ ಒಸಿಯೆಲ್‌ಗೆ.
ತಂಗಿ ಮಿರೆಯಾಳ ಕಿವಿಯಲ್ಲಿ ಮಾತ್ರ, ಗುಟ್ಟಾಗಿ:
ಒಂದು ಸೀಲ್ ಮರಿಗೆ ಸಾಲ ಕೊಟ್ಟಿದ್ದೇನೆ ಮಗಾ,
ಪಾಪ ಅದಕ್ಕೆ ಎಣಿಸಲು ಬರುವುದಿಲ್ಲ,
ಚಳಿಗಾಲ ಮುಗಿದ ಮೇಲೆ ತಂದುಕೊಡುತ್ತದೆ.
ಆ ವರ್ಷವೆಲ್ಲ ಮಿರೆಯಾ ಶಾಲೆ ಬಿಟ್ಟೊಡನೆ ದಡದಲ್ಲಿ.

ಎಲ್ಲವೂ ನಗೆಯಲ್ಲ.
ಉಣ್ಣೆಗೆಂದು ಹೋದವನು
ಎರಡು ಚಳಿಗಾಲ ಒಂದು ಕಾಗದ ಹಾಕಲಿಲ್ಲ.
ಅಜ್ಜಿ ಹಲಗೆ ಮಾರಿ, ಚಿಪ್ಪು ಆಯ್ದು, ನಾಲ್ವರನ್ನು ಸಾಕಿದಳು.
ಬಂದಾಗ ಜೇಬಲ್ಲಿ ದುಡ್ಡಿಲ್ಲ,
ಹೆಗಲ ಮೇಲೆ ಸರ್ಕಸ್ಸಿನವರಿಂದ ಕೊಂಡ ಮುದಿ ಗಿಣಿ,
ಅದಕ್ಕೆ ಬರುತ್ತಿದ್ದದ್ದು ಬೈಗುಳ ಒಂದೇ.
ಅಜ್ಜಿ ಅವನೊಡನೆ ಮಾತು ಬಿಟ್ಟಳು.
ಗಿಣಿಯ ಜೊತೆ ಮಾತಾಡಿದಳು, ಒಂದು ತಿಂಗಳು,
ಅವನಿಗೆ ಕೇಳುವ ಹಾಗೆ.

ತೊಂಬತ್ತೊಂದಕ್ಕೆ ಹೋದ,
ನಿದ್ದೆಯಲ್ಲಿ.
ಜೀವಮಾನದಲ್ಲಿ ಸದ್ದಿಲ್ಲದೆ ಮಾಡಿದ್ದು ಅದೊಂದೇ ಕೆಲಸ.

ದೋಣಿಯಲ್ಲಿ ಒಯ್ದೆವು, ಮನೆ ಬಂದ ಅದೇ ಹಾದಿಯಲ್ಲಿ.
ನಡುನೀರಲ್ಲಿ ಇಂಜಿನ್ನು ಕೆಮ್ಮಿ ಕೆಟ್ಟು ನಿಂತಿತು.
ಪಾದ್ರಿ ಗಡಿಯಾರ ನೋಡಿಕೊಂಡ.
ಪೆಟ್ಟಿಗೆಯ ಸುತ್ತ ಕೂತ ನಾವು ಇಪ್ಪತ್ತು ಜನ
ಮೊದಲು ಅತ್ತೆವು, ಆಮೇಲೆ ಯಾರೋ ಕಿಸಕ್ಕೆಂದರು,
ಆಮೇಲೆ ದೋಣಿ ಅಲ್ಲಾಡುವಷ್ಟು ನಕ್ಕೆವು.
ಅಬುಂದಿಯೊನ ಮೊಮ್ಮಗನೇ ಬಂದು ಹಗ್ಗ ಎಸೆದದ್ದು.

ರಾತ್ರಿ ಒಲೆಯ ಸುತ್ತ ಸೇಬಿನ ಮದ್ಯ,
ಬೆರಳಿನ ಕತೆಗಳನ್ನು ಒಂದರ ಪಕ್ಕ ಒಂದಿಟ್ಟೆವು. ಹನ್ನೊಂದು.
ಪ್ರತಿಯೊಬ್ಬರದೂ ಆಣೆ ಹಾಕಿದ ಸತ್ಯ.
ಅಜ್ಜಿ ತನ್ನ ಕೈ ಮುಂದೆ ಮಾಡಿದಳು,
ಒಂದೇ ಬೆರಳಲ್ಲಿ ಎರಡು ಉಂಗುರ.
"ಮದುವೆಗೆ ಬಂದಾಗಲೇ ಅವನಿಗೆ ಉಂಗುರದ ಬೆರಳಿಲ್ಲ.
ಅವನದನ್ನೂ ನಾನೇ ಹಾಕಿಕೊಂಡೆ."

ಹಾಗಾದರೆ ಹೇಗೆ ಹೋಯಿತು, ಎಂದು ಎಲ್ಲರೂ ಒಟ್ಟಿಗೆ.

"ನಾನು ಕೇಳಲಿಲ್ಲ," ಅಂದಳು.
ಕಟ್ಟಿಗೆಯೊಂದನ್ನು ಒಳಗೆ ತಳ್ಳಿ, ತುಸು ತಡೆದು,
"ಕೇಳಿದ್ದರೆ ನನಗೂ ಒಂದು ಸಿಗುತ್ತಿತ್ತು."

ಹೊರಗೆ ಇಳಿತ. ಚಳಿಗಾಲ ಆಗಷ್ಟೇ ಮುಗಿದಿತ್ತು.
ನಲವತ್ತು ದಾಟಿದ ಮಿರೆಯಾ ಶಾಲು ಹೊದ್ದು
ದಡದ ಕಡೆ ನಡೆದಳು.
ಈ ಹೊತ್ತಲ್ಲಿ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.